ರಂಗೂನಿನ ನರ್ಸಮ್ಮನ ಪರೀಕ್ಷೆ

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ. ಅಪ್ಪ ತೀರಿಕೊಂಡ ವರ್ಷ ಅದು. ಆರನೇ ಕ್ಲಾಸಿನ ಪುಸ್ತಕಗಳನ್ನು ಪಕ್ಕದ ಮನೆಯವರಿಗೆ ಕೊಟ್ಟು ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತೆ. ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಶಿಕಾರಿಪುರದ ಪೇಟೆಬೀದಿಯಲ್ಲಿ ನನ್ನ ಹೊಲಿಗೆಗೆ ಹೆಸರು ಬಂತು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ... ಜಂಬಕ್ಕೇ ಹೇಳುತ್ತಿದ್ದೇನೆ ಅಂದುಕೊಂಡರೂ ಅಡ್ಡಿಯಿಲ್ಲ. ದುಡಿದವನಿಗೆ ಅಷ್ಟು ಹಕ್ಕಿದೆ.

ಈಗ ಯಂತ್ರದ ಮೇಲೆ ಮಗ ಕೂರುತ್ತಾನೆ. ನಾನು ಗುಂಡಿ ಹಾಕುತ್ತೇನೆ, ಇಸ್ತ್ರಿ ಮಾಡುತ್ತೇನೆ. ಮೊನ್ನೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಬಿಳಿ ಏಪ್ರನ್ ತಂದು, "ಅಜ್ಜಾ, ನಡು ಸ್ವಲ್ಪ ಬಿಗಿ ಮಾಡಿಸಿಕೊಡ್ರಿ, ನಾಳಿದ್ದು ಪ್ರಾಕ್ಟಿಕಲ್ ಐತೆ" ಅಂದಳು. ಮಗ ಹೊಲಿದು ಕೊಟ್ಟ. ನಾನು ಅನ್ನದ ಗಂಜಿ ಅದ್ದಿ, ಅರೆ ಒಣಗಿಸಿ, ಇಸ್ತ್ರಿ ಪೆಟ್ಟಿಗೆ ಇಟ್ಟೆ. ಚೊಯ್ ಎಂದು ಹಬೆ ಎದ್ದಿತು. ಕೋರಾ ಬಟ್ಟೆ, ಗಂಜಿ, ಕೆಂಡ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ, ನನ್ನ ಕೈ ಅಲ್ಲೇ ನಿಂತಿತು. "ಅಪ್ಪಾ, ಬಟ್ಟೆ ಸುಡ್ತದೆ" ಎಂದು ಮಗ ಕೂಗಿದ ಮೇಲೆ ಪೆಟ್ಟಿಗೆ ಎತ್ತಿದೆ.

ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿಗೆಲ್ಲ ಅವರು ರಂಗೂನಿನ ನರ್ಸಮ್ಮ. ನಾನು ಅಕ್ಕೋರೆ ಅನ್ನುತ್ತಿದ್ದೆ.

ಐವತ್ತರ ದಶಕದ ಕೊನೆಯ ವರ್ಷಗಳು. ಅವರ ಅಪ್ಪ ಸೊರಬದ ಕಡೆಯವರು, ಚಂದ್ರಗುತ್ತಿ ಗುಡ್ಡದ ಕೆಳಗಿನ ಒಂದು ಹಳ್ಳಿ. ಮರ ಕೊಯ್ಯುವ ಕೆಲಸದಲ್ಲಿ ಪಳಗಿದ ಕೈ. ಯಾರೋ ಮರದ ವ್ಯಾಪಾರಿಯ ಜೊತೆ ತೇಗದ ಕೆಲಸಕ್ಕೆಂದು ಬರ್ಮಾಕ್ಕೆ ಹೋದವರು ಅಲ್ಲೇ ನಿಂತರು, ಅಲ್ಲೇ ಸಂಸಾರವಾಯಿತು. ಮಗಳು ಅಲ್ಲೇ ಹುಟ್ಟಿ, ರಂಗೂನಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿತು, ಯುದ್ಧದಲ್ಲಿ ಬಾಂಬು ಬಿದ್ದಾಗಲೂ ಕೆಲಸ ಬಿಡದೆ ಇದ್ದವರು. ಮುದುಕನಿಗೆ ಕೊನೆಗಾಲದಲ್ಲಿ ಹುಟ್ಟಿದ ಊರಿನ ಮಣ್ಣೇ ಬೇಕು ಎಂಬ ಹಟ ಬಂತು. ಮಗಳು ಕೆಲಸ ಬಿಟ್ಟು, ಹಡಗು ಹತ್ತಿಸಿ ಕರೆದುಕೊಂಡು ಬಂದರು. ಅಪ್ಪನಿಗೆ ಬೇಕಾಗಿದ್ದ ಮಣ್ಣು ಬೇಗನೇ ಸಿಕ್ಕಿತು. ಮಗಳು ಉಳಿದರು. ವಯಸ್ಸು ಮೂವತ್ತೈದರ ಆಸುಪಾಸು, ಮದುವೆಯಿಲ್ಲ, ಇಲ್ಲಿ ಯಾರೂ ಗೊತ್ತಿಲ್ಲ.

ಅವರ ಕನ್ನಡ ಕೇಳಿದರೆ ನಮಗೆ ನಗು ಬರುತ್ತಿತ್ತು. ಕಲಿತದ್ದೆಲ್ಲ ಅಪ್ಪನ ಬಾಯಿಂದ. ಅಪ್ಪ ಊರು ಬಿಟ್ಟಾಗ ಸೊರಬದ ಕಡೆ ಯಾವ ಮಾತಿತ್ತೋ ಅದನ್ನೇ ಕಡಲಾಚೆ ಕಾಪಾಡಿ ಇಟ್ಟಿದ್ದರು. ಮೂವತ್ತೈದರ ಹೆಂಗಸಿನ ಬಾಯಲ್ಲಿ ಎಂಬತ್ತರ ಅಜ್ಜನ ಮಾತು. "ಎಂತದು ಮಾರಾಯ" ಎಂದು ಅವರು ಶುರು ಮಾಡಿದರೆ ನಮ್ಮವ್ವ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು.

ಕೆಲಸ ಹುಡುಕಿಕೊಂಡು ಶಿಕಾರಿಪುರಕ್ಕೆ ಬಂದಾಗ ನಮ್ಮ ಊರಿನ ಡಾಕ್ಟರು ಅವರ ಕೈಗುಣ ನೋಡಿ ಆಸ್ಪತ್ರೆಗೆ ಸೇರಿಸಿಕೊಂಡರು. ಆದರೆ ಆಯಾ ಎಂದು. ನರ್ಸ್ ಎಂದು ಬರೆಯುವ ಹಾಗಿರಲಿಲ್ಲ. ಬರ್ಮಾ ಈಗ ಬೇರೆ ದೇಶ, ಅಲ್ಲಿಯ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ ಎಂದು ಮೇಲಿನಿಂದ ಹೇಳಿದರು. ಅಲ್ಲಿ ಕಲಿತದ್ದು ನಿಜವೇ ಆದರೆ ಶಿವಮೊಗ್ಗಕ್ಕೆ ಬಂದು ಪರೀಕ್ಷಕರ ಕಣ್ಣೆದುರು ಕೆಲಸ ಮಾಡಿ ತೋರಿಸಬೇಕು. ಹಾಸಿಗೆ ಹಾಸುವುದರಿಂದ ಹಿಡಿದು ಗಾಯ ಕಟ್ಟುವವರೆಗೆ. ಅದೂ ಒಂದೇ ಅವಕಾಶ. ಪಾಸಾದರೆ ರಿಜಿಸ್ಟರಿನಲ್ಲಿ ನರ್ಸ್. ಇಲ್ಲವಾದರೆ ಈಗಿರುವ ಕೆಲಸವೂ ಇಲ್ಲ.

ಪಾಸಾದರೆ ಎಲ್ಲಿಗೆ ಎಂಬುದೂ ಗೊತ್ತಾಗಿತ್ತು. ಸೊರಬದ ಆಚೆ ಒಂದು ಹಳ್ಳಿಯಲ್ಲಿ ಹೊಸದಾಗಿ ಹೆರಿಗೆ ಕೋಣೆ ಕಟ್ಟಿದ್ದರು. ಗೋಡೆ ಎದ್ದಿತ್ತು, ಹಂಚು ಹೊದೆಸಿತ್ತು, ನರ್ಸ್ ಇರಲಿಲ್ಲ. ಆ ಕಾಡು ಸೀಮೆಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ಇವರು ಒಪ್ಪಿದರು. ಅಪ್ಪನನ್ನು ಮಣ್ಣು ಮಾಡಿದ ಜಾಗ ಅಲ್ಲಿಗೆ ಹತ್ತಿರ.

ನಮ್ಮ ಅಕ್ಕನನ್ನು ಕೊಟ್ಟ ಊರೂ ಅಲ್ಲಿಗೆ ಹತ್ತಿರ. ಕೊಟ್ಟಿದ್ದ ಊರು ಅನ್ನಬೇಕು. ಅದರ ಹಿಂದಿನ ವರ್ಷ ಚೊಚ್ಚಲ ಹೆರಿಗೆಯಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಸೂಲಗಿತ್ತಿ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳಂತೆ. ಗಾಡಿ ಕಟ್ಟಿ ಹೊರಟವರು ಅರ್ಧ ದಾರಿಯಲ್ಲಿ ಎತ್ತು ತಿರುಗಿಸಿಕೊಂಡು ಬಂದರು. ಮಗುವೂ ಉಳಿಯಲಿಲ್ಲ. ಅವ್ವ ಅಂಟಿನುಂಡೆ ಕಟ್ಟಿಕೊಂಡು, ಬಾಣಂತನಕ್ಕೆಂದು ಹಳೇ ಸೀರೆ ಹರಿದು ಮಡಚಿಕೊಂಡು ಹೊರಟಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಸುದ್ದಿ ಸಿಕ್ಕಿತು...

ಆಮೇಲೆ ಅವ್ವ ಮಾತಾಡುವುದನ್ನು ಕಡಿಮೆ ಮಾಡಿದಳು. ನರ್ಸಮ್ಮ ಬಂದ ಮೇಲೆ ಮತ್ತೆ ಬಾಯಿ ಬಂತು.

ನನಗೂ ಅವರಿಗೂ ಪರಿಚಯವಾದದ್ದು ಜಗಳದಿಂದ. ಆಸ್ಪತ್ರೆಯ ಹೊಲಿಗೆ ನಮ್ಮ ಅಂಗಡಿಗೇ ಬರುತ್ತಿತ್ತು. ಹೊಟ್ಟೆಗೆ ಕಟ್ಟುವ ಒಂದು ಪಟ್ಟಿ ಇರುತ್ತದೆ, ಎರಡೂ ಕಡೆ ಬಾಲದ ಹಾಗೆ ಸೀಳುಗಳು, ಒಂದರ ಮೇಲೊಂದು ಹೆಣೆದಂತೆ ಕಟ್ಟುವುದು. ಅದನ್ನು ನಾನು ಗಟ್ಟಿಮುಟ್ಟಾಗಿ ಜೋಡಿ ಹೊಲಿಗೆ ಹಾಕಿ ಕೊಟ್ಟಿದ್ದೆ. ಅವರು ಅದನ್ನು ಹಿಡಿದುಕೊಂಡು ಅಂಗಡಿಗೇ ಬಂದರು. ಕೊಡೆ ಹೆಗಲ ಮೇಲೆ ಒರಗಿಸಿಕೊಂಡು ಬಾಗಿಲಲ್ಲಿ ನಿಂತು, "ಇದು ರೋಗಿಗೋ ಎತ್ತಿಗೋ ಮಾರಾಯ?" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. "ನನ್ನ ಹೊಲಿಗೆ ಬಿಚ್ಚಿದ್ದು ತೋರಿಸ್ರೀ, ಅಂಗಡಿ ಮುಚ್ತೀನಿ" ಅಂದೆ.

"ಬಿಚ್ಚೂದಿಲ್ಲ, ಅದೇ ತೊಂದರೆ. ಕೈ ತಾ ಇಲ್ಲಿ." ನನ್ನ ತೋಳು ಹಿಡಿದು, ಹೊಲಿಗೆಯ ಏಣನ್ನು ಒಳಗಿನ ಮೆತ್ತನೆ ಚರ್ಮಕ್ಕೆ ಒತ್ತಿ ಎಳೆದರು. ಕೆಂಪಗೆ ಗೀರು ಬಿತ್ತು. "ನಿನಗೆ ಇಷ್ಟು. ಹೊಟ್ಟೆ ಕೊಯ್ಸಿಕೊಂಡು ಮಲಗಿದವಳಿಗೆ ಎಷ್ಟು?"

ಅವ್ವ ಒಳಗಿನಿಂದ, "ಹಾಕ್ರಿ ಇನ್ನೊಂದು ಗೀರು, ಆ ಕಡೆ ತೋಳಿಗೂ. ಯಾರ ಮಾತೂ ಕೇಳೋದಿಲ್ಲ ಅವನು" ಅಂದಳು. ನರ್ಸಮ್ಮ ನಕ್ಕರು. ನಾನು ನಗಲಿಲ್ಲ. ಅಷ್ಟೂ ಹೊಲಿಗೆ ಬಿಚ್ಚಿ, ಅಂಚುಗಳನ್ನು ಒಂದರ ಮೇಲೊಂದು ಚಪ್ಪಟೆ ಕೂರಿಸಿ ಮತ್ತೆ ಹೊಲಿದೆ. ಮರುದಿನ ಅವರು ಬಂದು, ಕಣ್ಣು ಮುಚ್ಚಿ ಬೆರಳಾಡಿಸಿ, ಏನೂ ಅನ್ನದೆ ಮಡಚಿ ಇಟ್ಟುಕೊಂಡರು. ಏನೂ ಅನ್ನದೇ ಇದ್ದದ್ದೇ ನನಗೆ ಹೊಗಳಿದ ಹಾಗಾಯಿತು.

ಆಮೇಲೆ ಪರೀಕ್ಷೆಯ ತಯಾರಿಯೆಲ್ಲ ನಮ್ಮ ಅಂಗಡಿಯಲ್ಲೇ. ಆಸ್ಪತ್ರೆಯಲ್ಲಿ ಜಾಗವೂ ಇರಲಿಲ್ಲ, ಪುರಸತ್ತೂ ಇರಲಿಲ್ಲ. ಸಂತೆಯ ಮರುದಿನ ನಮಗೆ ಗಿರಾಕಿ ಕಡಿಮೆ. ಬಟ್ಟೆ ಕತ್ತರಿಸುವ ದೊಡ್ಡ ಹಲಗೆಯೇ ಮಂಚ. ನಾನೇ ರೋಗಿ. ರೋಗಿಯನ್ನು ಏಳಿಸದೆ ಕೆಳಗಿನ ಹಾಸಿಗೆ ಬಟ್ಟೆ ಬದಲಿಸುವುದು ಹೇಗೆ ಎಂದು ಆಗ ನೋಡಿದೆ. ನನ್ನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಹಳೆಯದನ್ನು ಬೆನ್ನ ತನಕ ಸುತ್ತಿ, ಹೊಸದನ್ನು ಹಿಂದೆಯೇ ಹಾಸಿ, ಆ ಮಗ್ಗುಲಿಗೆ ಹೊರಳಿಸುವಷ್ಟರಲ್ಲಿ ಮುಗಿಯುತ್ತಿತ್ತು. ಮೂಲೆಗಳನ್ನು ಅಂಚೆಯ ಲಕೋಟೆಯ ಹಾಗೆ ಮಡಚುತ್ತಿದ್ದರು. ನಾನು ದರ್ಜಿ, ಬಟ್ಟೆ ಯಾರ ಮಾತು ಕೇಳುತ್ತದೆ, ಯಾರ ಮಾತು ಕೇಳುವುದಿಲ್ಲ ಎಂಬುದು ನನಗೆ ಗೊತ್ತು. ಅವರ ಮಾತು ಕೇಳುತ್ತಿತ್ತು.

ಪಕ್ಕದ ಬಳೆ ಅಂಗಡಿಯವನಿಗೆ ಇದೊಂದು ನಾಟಕವಾಯಿತು. ತಲೆಗೆ ಪಟ್ಟಿ ಸುತ್ತಿಸಿಕೊಂಡು ನಾನು ಕೂತಿದ್ದರೆ ಇಣುಕಿ, "ಏನಪಾ ದರ್ಜಿ, ಇವತ್ತು ಯಾರ ಕೈಲಿ ಹೊಡೆಸಿಕೊಂಡೆ?" ಎನ್ನುವನು. ಮಲಗಿದ್ದರೆ, "ರೋಗೀನೋ ಹೆಣಾನೋ? ಹೂವಿನ ಹಾರ ತರ್ಲೇನು?" ಒಮ್ಮೆಯಂತೂ, "ನರ್ಸಮ್ಮ, ಬಾಯಿಗೂ ಒಂದು ಪಟ್ಟಿ ಕಟ್ಟಿಬಿಡ್ರಿ, ಬೀದಿಯವರು ಪುಣ್ಯ ಬರ್ತದೆ ಅಂತಾರೆ" ಅಂದ.

ಅವರು ತಿರುಗದೆಯೇ, "ಅದಕ್ಕೆ ಬಟ್ಟೆ ಸಾಲೂದಿಲ್ಲ. ನಿನಗೂ ಒಂದು ಬೇಕಲ್ಲ" ಅಂದರು.

ಅವರಿಗೆ ಕೆಲಸ ಬರದೆ ಇದ್ದದ್ದಲ್ಲ. ಕೆಲಸ ಕೈಗೆ ಎಷ್ಟು ಹತ್ತಿತ್ತೆಂದರೆ ಬಾಯಿಗೆ ಬರುತ್ತಿರಲಿಲ್ಲ. ಪರೀಕ್ಷಕರ ಮುಂದೆ ಒಂದೊಂದನ್ನೂ ಕ್ರಮವಾಗಿ ಹೇಳುತ್ತ ಮಾಡಬೇಕಂತೆ. ಇವರು ಯುದ್ಧದ ಕಾಲದಲ್ಲಿ, ಸಾಲುಸಾಲು ಮಲಗಿದ್ದವರ ನಡುವೆ ಓಡಾಡಿ ಕೆಲಸ ಮಾಡಿದವರು. ಹೇಳುವುದರೊಳಗೆ ಮಾಡಿ ಮುಗಿಸಿರುತ್ತಿದ್ದರು. ಮುಗಿಸಿದ ಮೇಲೆ, "ನಾನು ಎಂತ ಮಾಡಿದೆ ಈಗ?" ಎಂದು ತಾವೇ ಕೇಳುತ್ತಿದ್ದರು.

ಅವ್ವ ಆ ಹೊಣೆ ಹೊತ್ತುಕೊಂಡಳು. ಅಕ್ಷರ ಬಾರದ ಅವ್ವ. ನರ್ಸಮ್ಮ ಒಂದು ಸಲ ಕ್ರಮ ಹೇಳಿದ್ದನ್ನು ಅಕ್ಕಿ ಆರಿಸುತ್ತ ಕೇಳಿಸಿಕೊಂಡವಳು, ಮಾರನೇ ವಾರ ಹಾಗೇ ಒಪ್ಪಿಸಿದಳು. ಬೀಸುವ ಕಲ್ಲಿನ ಪದದ ಧಾಟಿಯಲ್ಲಿ. ಕೈ ತೊಳಿ. ತಟ್ಟೆ ಒರಸು. ಬೇಯಿಸಿದ ಬಟ್ಟೆ ಹಾಸು. ಮತ್ತೆ ಕೈ ತೊಳಿ. ಹಳೇ ಪಟ್ಟಿ ಇಕ್ಕಳದಾಗೆ ತೆಗಿ, ಕೈ ಮುಟ್ಟಿಸಬ್ಯಾಡ. ಇಕ್ಕಳ ಬದಲಿ ಮಾಡು. ಗಾಯದ ನಡುವಿಂದ ಹೊರಕ್ಕೆ ಒರಸು, ಹೊರಗಿಂದ ಒಳಕ್ಕೆ ಬರಬ್ಯಾಡ...

"ಇದೇನು ಯವ್ವಾ, ನೀವು ಮಡಿ ಮಾಡ್ತೀರಲ್ಲ!" ಎಂದು ಅವ್ವನಿಗೆ ಬೆರಗು.

"ಹೌದು ಅವ್ವಾ, ಮಡಿಯೇ. ಈ ಮಡೀಲಿ ಯಾರನ್ನ ಬೇಕಾದ್ರೂ ಮುಟ್ಟಬಹುದು, ಅಷ್ಟೆ ವ್ಯತ್ಯಾಸ."

ಅಲ್ಲಿಂದ ಮುಂದೆ ಅವ್ವ ಬಿಡಲಿಲ್ಲ. ಹಲಗೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದಳು. ನರ್ಸಮ್ಮ ಒಂದು ಹೆಜ್ಜೆ ಹಾರಿಸಿದರೂ, "ಕೈ ತೊಳಿಲಿಲ್ಲ ನೀನು! ತೊಳಿ ಹೋಗು!" ಎಂದು ಗದರುವಳು. ರಂಗೂನಿನಲ್ಲಿ ಡಾಕ್ಟರುಗಳ ಜೊತೆ ಕೆಲಸ ಮಾಡಿದ ಹೆಂಗಸು ತಲೆ ತಗ್ಗಿಸಿಕೊಂಡು ಹಿತ್ತಲ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದರು.

ಒಂದು ದಿನ ಪಾಠ ಮುಗಿದ ಮೇಲೆ ಅವ್ವ ಅವರ ಕೈ ಹಿಡಿದುಕೊಂಡು, "ರಕ್ತ ನಿಲ್ಲಲಿಲ್ಲ ಅಂದ್ರೆ ಏನು ಮಾಡ್ತೀರಿ?" ಎಂದು ಕೇಳಿದಳು. ನರ್ಸಮ್ಮನಿಗೆ ಅಕ್ಕನ ವಿಷಯ ಗೊತ್ತಿತ್ತು. ಸಮಾಧಾನದ ಮಾತಾಡಲಿಲ್ಲ. ಹೊಟ್ಟೆಯ ಮೇಲೆ ಎಲ್ಲಿ ಕೈ ಇಟ್ಟು ಹೇಗೆ ಉಜ್ಜಬೇಕು, ಯಾವ ಸೂಜಿ ಮದ್ದು ಕೊಡಬೇಕು, ಕಾಲ ಕಡೆಯ ಮಂಚಕ್ಕೆ ಇಟ್ಟಿಗೆ ಕೊಟ್ಟು ಹೇಗೆ ಎತ್ತರಿಸಬೇಕು, ಎಲ್ಲ ಹೇಳಿದರು. ಅವ್ವ ಒಂದೊಂದಕ್ಕೂ ಹೂಂ ಹೂಂ ಎಂದು ತಲೆಯಾಡಿಸಿದಳು. ಕೊನೆಗೆ, "ಅಂದ್ರೆ ಉಳೀತಿದ್ಲು" ಅಂದಳು. ನರ್ಸಮ್ಮ, "ಉಳಿಯಬಹುದಿತ್ತು ಅವ್ವಾ" ಎಂದಷ್ಟೇ ಹೇಳಿದರು. ಅವ್ವ ಅತ್ತಳು. ಅಕ್ಕ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ನೀನು ಪಾಸಾಗಬೇಕು ಮಗಳೆ" ಎಂದಳು ಆಮೇಲೆ. "ಪಾಸಾಗಿ ಅಲ್ಲಿಗೇ ಹೋಗಬೇಕು."

ಪರೀಕ್ಷೆಗೆ ಹೊಸ ಏಪ್ರನ್ ಬೇಕಾಗಿತ್ತು. ಬಿಳಿ ಸೀರೆಯ ಮೇಲೆ ಕಟ್ಟುವಂಥದ್ದು. ಒಳ್ಳೆಯ ಲಾಂಗ್ ಕ್ಲಾತ್ ತಂದುಕೊಟ್ಟು, "ಎತ್ತಿಗಲ್ಲ ಮಾರಾಯ, ನೆನಪಿರಲಿ" ಅಂದರು. ನಾನು ಆ ಏಪ್ರನ್ ಹೊಲಿದಷ್ಟು ಮನಸ್ಸಿಟ್ಟು ಇನ್ನೊಂದು ಬಟ್ಟೆ ಹೊಲಿದಿಲ್ಲ, ನನ್ನ ಮದುವೆಯ ಕೋಟನ್ನೂ ಸೇರಿಸಿ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಒಗೆದ ಪಂಚೆಯಲ್ಲಿ ಸುತ್ತಿ ಮೇಲಿನ ಹಲಗೆಯ ಮೇಲಿಟ್ಟೆ. ಬೆಳಿಗ್ಗೆ ಹಾಗೇ ಗಂಟು ಎತ್ತಿಕೊಂಡು ಬಸ್ಸಿಗೆ ಹೋಗುವುದು, ಅಲ್ಲಿ ಹೋಗಿ ಬಿಚ್ಚಿ ಕಟ್ಟಿಕೊಳ್ಳುವುದು ಎಂದು ಮಾತಾಗಿತ್ತು.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು, ಅಪ್ಪನ ಕಾಲದಿಂದ. ಹೊಸ ಬಟ್ಟೆ ಹೊಲಿದಾದ ಮೇಲೆ ಅವ್ವ ಅದರ ಒಳ ಮೂಲೆಗೆ ಒಂದು ಚಿಟಿಕೆ ಅರಿಶಿನ ಮುಟ್ಟಿಸಿಯೇ ಗಿರಾಕಿಗೆ ಕೊಡುವುದು. ಅರಿಶಿನ ಮುಟ್ಟದ ಹೊಸ ಬಟ್ಟೆ ಮೈಮೇಲೆ ಹಾಕಬಾರದು ಎಂಬುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಆಸ್ಪತ್ರೆಯ ಬಟ್ಟೆಗೆ ಮಾತ್ರ ಬೇಡ ಎಂದು ನಾನು ಮೊದಲೇ ಹೇಳಿದ್ದೆ. ಅವ್ವನೂ ಅದುವರೆಗೆ ಮುಟ್ಟಿಸಿರಲಿಲ್ಲ. ಈ ಏಪ್ರನ್ನಿಗೆ ಇನ್ನೊಮ್ಮೆ ಹೇಳಿದೆ. "ಆತು ಬಿಡು" ಅಂದಳು.

ಬೆಳಿಗ್ಗೆ ನರ್ಸಮ್ಮ ಬಂದಾಗ ಅವ್ವ ದೇವರ ಮುಂದೆ ದೀಪ ಹಚ್ಚಿ, ಮೊಸರು ಸಕ್ಕರೆ ಅವರ ಅಂಗೈಗೆ ಹಾಕಿ, ಗಂಟನ್ನು ತಾನೇ ಎತ್ತಿಕೊಟ್ಟಳು. ಹೆಂಗಸು ಒಬ್ಬಳೇ ಹೋಗಬಾರದೆಂದು ನನ್ನನ್ನೂ ಜೊತೆಗೆ ಕಳಿಸಿದಳು. ಬಸ್ಸಿನಲ್ಲಿ ನರ್ಸಮ್ಮ ಕಣ್ಣು ಮುಚ್ಚಿಕೊಂಡು ಕೂತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಹತ್ತಿರ ಕಿವಿಯಿಟ್ಟರೆ, ಅವ್ವನ ಧಾಟಿ. ಕೈ ತೊಳಿ... ತಟ್ಟೆ ಒರಸು...

ಶಿವಮೊಗ್ಗದಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆ. ನರ್ಸಮ್ಮ ಒಂದು ಸಲ ಆಚೆ ಬಂದು, "ಹಾಸಿಗೆ ಆಯ್ತು, ಪಟ್ಟಿ ಕಟ್ಟೂದೂ ಆಯ್ತು. ಪರೀಕ್ಷೆ ಮಾಡೂ ಮೇಟ್ರನ್ ತಲೆದೂಗಿದ್ರು. ಇನ್ನು ಗಾಯ ಒಂದೇ" ಎಂದು ಹೇಳಿ ಹೋದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ನೋಡಿರಲಿಲ್ಲ. ಇನ್ನೇನು ಆಯಿತು ಎಂದು ನಾನು ಹೋಟೆಲಿಗೆ ಹೋಗಿ ಅವ್ವನಿಗೆ ಮೈಸೂರುಪಾಕು ಕಟ್ಟಿಸಿಕೊಂಡು ಬಂದೆ.

ಬಂದಾಗ ಅವರು ಕಟ್ಟೆಯ ಮೇಲೆ ಕೂತಿದ್ದರು. ಏಪ್ರನ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ನಡುಪಟ್ಟಿ ಸೇರುವ ಮೂಲೆಯನ್ನು ನನ್ನ ಕಡೆ ತಿರುಗಿಸಿದರು. ಬೆರಳ ತುದಿಯಷ್ಟಗಲ ಕೆಂಪು. ಸುತ್ತಲೂ ನೀರು ಹರಡಿದ ಹಾಗೆ ತೆಳು ಕೆಂಪು.

"ರಕ್ತ ಅಂದ್ಕೊಂಡ್ರು" ಅಂದರು.

ನನಗೆ ಕೂಡಲೇ ತಿಳಿಯಿತು. ಅರಿಶಿನಕ್ಕೆ ಸೋಪಿನ ನೀರು ಸೋಕಿದರೆ ಕೆಂಪಾಗುತ್ತದೆ ಎಂಬುದು ನಮ್ಮ ಕಡೆ ಬಟ್ಟೆ ಒಗೆಯುವ ಯಾರಿಗೆ ಗೊತ್ತಿಲ್ಲ? ಅವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಕೈ ಮೇಲೆತ್ತಿ ನಿಂತಾಗ ಮೊಣಕೈಯಿಂದ ತೊಟ್ಟಿಕ್ಕಿದ ನೀರು ನೇರ ಅಲ್ಲಿಗೇ ಬಿದ್ದಿತ್ತು. ಒಳಗಡೆ ಒಣಗಿ ಕೂತಿದ್ದ ಅರಿಶಿನ ಹೊರಗೆ ಕೆಂಪಾಗಿ ಎದ್ದಿತ್ತು. ಬೇಯಿಸಿದ ಬಟ್ಟೆ, ಬೇಯಿಸಿದ ಇಕ್ಕಳಗಳ ತಟ್ಟೆಯ ಮುಂದೆ ರಕ್ತದ ಕಲೆಯ ಏಪ್ರನ್ ಉಟ್ಟ ನರ್ಸ್.

"ನೀನು ಹಚ್ಚಿದ್ಯಾ?"

"ಇಲ್ಲ ಅಕ್ಕೋರೆ... ಅವ್ವ. ಅವ್ವನೇ ಇರಬೇಕು. ಬ್ಯಾಡ ಅಂತ ಹೇಳಿದ್ದೆ."

ಅವರು ಒಳಗೆ ನಡೆದದ್ದನ್ನು ಹೇಳಿದರು. ಪರೀಕ್ಷೆ ಮಾಡಲು ಕೂತಿದ್ದ ಡಾಕ್ಟರೊಬ್ಬರು ನಮ್ಮ ಕಡೆಯವರಂತೆ. ಇದು ರಕ್ತ ಅಲ್ಲ, ಅರಿಶಿನ ಎಂದು ಅವರೇ ಮೇಟ್ರನ್ನಿಗೆ ಹೇಳಿದರಂತೆ. ಮೇಟ್ರನ್ ಎಲ್ಲೋ ಹೊರಗಿನಿಂದ ಬಂದ ಹಿರಿಯ ಹೆಂಗಸು. ಸಿಟ್ಟು ಮಾಡಲಿಲ್ಲವಂತೆ. ಏನೇ ಆಗಿರಲಿ, ನಿನ್ನ ಮೈಮೇಲಿನ ಕಲೆ ನಿನಗೇ ಕಾಣಲಿಲ್ಲ, ಮೈಮೇಲಿನದು ಕಾಣದವಳ ಕೈಗೆ ಗಾಯವನ್ನು ಹೇಗೆ ಒಪ್ಪಿಸಲಿ, ಎಂದರಂತೆ.

"ಹೇಳಬೇಕಿತ್ತು ಅಕ್ಕೋರೆ, ಬೇರೆಯವರು ಮಾಡಿದ್ದು ಅಂತ! ನಾನು ಬಂದು ಹೇಳ್ತೀನಿ ಬರ್ರಿ. ಹೊಲಿದವನು ನಾನು, ನನ್ನ ಮಾತು ಕೇಳ್ತಾರೆ." ನಾನು ಎದ್ದೇ ಬಿಟ್ಟಿದ್ದೆ.

"ಕೂತ್ಕೋ ಮಾರಾಯ." ನನ್ನ ತೋಳು ಹಿಡಿದು ಎಳೆದು ಕೂರಿಸಿದರು. "ಬೇರೆಯವರ ಕೈಗೆ ಏಪ್ರನ್ ಕೊಟ್ಟಿದ್ದೆ ಅಂದ್ರೆ ಅದೂ ತಪ್ಪೇ. ಬಿಚ್ಚಿ ನೋಡದೆ ಕಟ್ಟಿಕೊಂಡೆ. ಆ ಮೇಟ್ರನ್ ಜಾಗದಾಗೆ ನಾನಿದ್ರೂ ಅದನ್ನೇ ಹೇಳ್ತಿದ್ದೆ."

ಎದುರಿನ ರಸ್ತೆಯಲ್ಲಿ ಜಟಕಾ ಗಾಡಿಗಳು ಹೋಗುತ್ತಿದ್ದವು. ಅವರು ಏಪ್ರನ್ನನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಅಳಲಿಲ್ಲ. ಕೊನೆಗೆ ಹೇಳಿದ್ದು ಇಷ್ಟು: "ಅವ್ವಂಗೆ ಹೇಳಬಾರದು."

"ಮತ್ತೇನು ಹೇಳೋದು?"

"ಪಾಸಾಯ್ತು ಅಂತ ಹೇಳೂದು. ಒಬ್ಬ ಮಗಳು ಹೋಗಿದ್ದಾಳೆ ಅವ್ರಿಗೆ. ಅಲ್ಲಿಗೆ ಹೋಗಬೇಕಾದ ನರ್ಸು ತನ್ನ ಕೈಯಿಂದ ತಪ್ಪಿ ಹೋದ್ಲು ಅಂತ ಗೊತ್ತಾದ್ರೆ ಆ ಜೀವ ತಡೀತದಾ? ನೀನೇ ಹೇಳು."

ನನ್ನ ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ ಇತ್ತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ನರ್ಸಮ್ಮ ಅವಳ ಕಾಲು ಮುಟ್ಟಿ, "ಪಾಸಾಯ್ತು ಅವ್ವಾ" ಅಂದರು. ಅಷ್ಟು ಸಲೀಸಾಗಿ ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಅವ್ವ ಅವರ ಮುಖ ಎರಡೂ ಕೈಯಲ್ಲಿ ಹಿಡಿದು ನೆಟಿಗೆ ಮುರಿದಳು. ಬಳೆ ಅಂಗಡಿಯವನನ್ನು ಕೂಗಿ ಕರೆದಳು. ಅವನು ಹಸಿರು ಬಳೆಯ ಗೊಂಚಲು ತಂದು, "ಇವತ್ತು ನಾನು ಪಟ್ಟಿ ಕಟ್ತೀನಿ, ಕೈ ಕೊಡ್ರಿ" ಎಂದು ಹಾಸ್ಯ ಮಾಡುತ್ತ ಅವರಿಗೆ ಬಳೆ ಇಡಿಸಿದ. ಅವರು ಕೈ ಕೊಟ್ಟು ಕೂತಿದ್ದರು.

"ಆದ್ರೆ ಸೊರಬದ ಕಡೆಗೆ ಹಾಕಲಿಲ್ಲ ಅವ್ವಾ. ದೂರ ಹಾಕಿದ್ದಾರೆ, ಘಟ್ಟದ ಆಚೆ" ಎಂದರು ಆಮೇಲೆ.

ಅವ್ವನ ಮುಖ ಸಣ್ಣದಾಯಿತು. ಒಂದು ಗಳಿಗೆ ಅಷ್ಟೆ. "ಆಗಲಿ ಬಿಡು. ಅಲ್ಲೂ ಹೆಣ್ಣುಮಕ್ಕಳು ಹೆರ್ತಾರಲ್ಲ" ಅಂದಳು. ಆಮೇಲೆ ತಡೆಯಲಾರದೆ ಗುಟ್ಟು ಬಿಟ್ಟುಕೊಟ್ಟಳು. "ನನ್ನ ಮಗ ಬ್ಯಾಡ ಅಂದಿದ್ದ. ನಾನು ಕೇಳಲಿಲ್ಲ. ಆ ಬಿಳೇ ಬಟ್ಟೆ ನೋಡಿ ಜೀವ ಒಪ್ಪಲಿಲ್ಲ ನೋಡು. ಒಳಗಡೆ ಅರಿಶಿನ ಮುಟ್ಟಿಸಿದ್ದೆ. ಕಂಡಿತೇನು?"

"ಇಲ್ಲ ಅವ್ವಾ. ಯಾರಿಗೂ ಕಾಣಲಿಲ್ಲ" ಎಂದರು ನರ್ಸಮ್ಮ.

ಆ ತಿಂಗಳು ಕಳೆಯುವುದರೊಳಗೆ ಅವರು ಊರು ಬಿಟ್ಟರು. ಬಸ್ ಹತ್ತಿಸಲು ನಾನು ಹೋಗಿದ್ದೆ. ಘಟ್ಟದ ಆಚೆಗಲ್ಲ, ಕೊಪ್ಪದ ಕಡೆಯ ಯಾವುದೋ ಕಾಫಿ ತೋಟಕ್ಕೆ. ಕೂಲಿಯವರ ಗಾಯಕ್ಕೆ ಮದ್ದು ಹಚ್ಚುವ ಕೆಲಸ, ಅದಕ್ಕೆ ಯಾವ ರಿಜಿಸ್ಟರೂ ಬೇಡ. ಹಸಿರು ಬಳೆ ಕೈಯಲ್ಲೇ ಇತ್ತು. ಕಿಟಕಿಯಿಂದ ಬಗ್ಗಿ, "ಅವ್ವನ್ನ ನೋಡ್ಕೋ" ಎಂದರು. ಬಸ್ಸು ಹೊರಟಿತು. ಸೊರಬದ ಆಚೆಯ ಆ ಹೆರಿಗೆ ಕೋಣೆಗೆ ಬೀಗವೇ ಇತ್ತು, ಮುಂದೆ ಬಹಳ ವರ್ಷ. ಅಕ್ಕನ ಗಂಡನ ಮನೆಯವರು ಬಂದಾಗಲೆಲ್ಲ ಆ ಕಡೆಯ ಸುದ್ದಿ ಹೇಳುತ್ತಿದ್ದರು. ಇಂಥವರ ಸೊಸೆ ಹೋದಳು, ಇಂಥವರ ಮಗಳು ಹೋದಳು ಎಂದು. ಅವ್ವ ಕೇಳಿಸಿಕೊಂಡು, "ನಮ್ಮ ನರ್ಸಮ್ಮನ್ನ ಆ ಕಡೆ ಹಾಕಬೇಕಿತ್ತು. ಸರ್ಕಾರಕ್ಕೆ ಕಣ್ಣಿಲ್ಲ" ಎನ್ನುತ್ತಿದ್ದಳು. ನಾನು ಪೆಡಲು ತುಳಿಯುತ್ತಿದ್ದೆ.

ಅವ್ವ ಆಮೇಲೆ ಬಹಳ ಕಾಲ ಬದುಕಿದಳು. ಅಂಗಡಿಗೆ ಬಂದವರಿಗೆಲ್ಲ ಅದೇ ಕಥೆ. ಪರೀಕ್ಷೆಗೆ ಹೋಗುವ ಮಕ್ಕಳ ಅಂಗಿಗೆ ತಾನೇ ಕೇಳಿ ಕೇಳಿ ಅರಿಶಿನ ಮುಟ್ಟಿಸುವಳು. "ರಂಗೂನಿನ ನರ್ಸಮ್ಮ ಪಾಸಾದದ್ದು ಇದರಿಂದಲೇ, ಕೇಳ್ರಿ ಬೇಕಾದ್ರೆ ನನ್ನ ಮಗನ್ನ" ಎನ್ನುವಳು. ಬಂದವರು ನನ್ನ ಕಡೆ ನೋಡುವರು. ನಾನು ಹೌದು ಎನ್ನುವೆ. ಎಷ್ಟು ಸಲ ಹೌದು ಎಂದೆನೋ.

ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ವರ್ಷ ಕಳೆದಂತೆ ಅವ್ವನಿಗೆ ಅವರ ಮೇಲೆ ಬೇಸರ ಬಂತು. ಯುಗಾದಿಗೆ ಬಂದಾಳು, ದೀಪಾವಳಿಗೆ ಬಂದಾಳು ಎಂದು ಕಾದಳು. ಅವರು ಬರಲಿಲ್ಲ, ಬಂದರೆ ಎದುರು ಕೂತು ಮತ್ತೆ ಸುಳ್ಳು ಹೇಳಬೇಕಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ಸಂಜೆ ಅವ್ವ, "ಒಂದು ಸಲಾನೂ ಬರಲಿಲ್ಲ ನೋಡು. ದೊಡ್ಡ ಕೆಲಸ ಸಿಕ್ತು, ಮರೆತಳು. ಹೆತ್ತ ಮಗಳಂಗೆ ನೋಡಿದ್ದೆ" ಎಂದಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಸಲುವಾಗಿ ಅವಳು ಏನು ಕಳಕೊಂಡಳು ಗೊತ್ತಾ ಅವ್ವಾ, ಎಂದು. "ಕೆಲಸ ಜಾಸ್ತಿ ಇರಬೇಕವ್ವಾ" ಎಂದೆ. "ಅದೂ ಖರೇನ" ಎಂದು ಗೋಡೆ ಕಡೆ ತಿರುಗಿದಳು. ಅವಳು ಅವರ ಬಗ್ಗೆ ಆಡಿದ ಕೊನೆಯ ಮಾತು ಅದು.

ಅವ್ವನ ತಿಥಿ ಮುಗಿಸಿ ನಾನು ಆ ತೋಟ ಹುಡುಕಿಕೊಂಡು ಹೋದೆ. ಇನ್ನು ಸುಳ್ಳು ಬೇಕಿಲ್ಲ, ಮನೆಗೆ ಬರಬಹುದು ಎಂದು ಹೇಳಿ ಕರೆತರುವ ಆಸೆ ಇತ್ತು. ಕೂಲಿಯವರ ಲೈನ್ ಮನೆಗಳ ಮುದುಕಿಯೊಬ್ಬಳು, "ಡ್ರೆಸಿಂಗಮ್ಮನಾ?" ಎಂದು ಕೇಳಿ ನನ್ನ ಮುಖ ನೋಡಿದಳು. ಜ್ವರದಲ್ಲಿ ಹೋಗಿ ನಾಲ್ಕು ಮಳೆಗಾಲ ಆಗಿತ್ತಂತೆ. ತನ್ನ ಮೂರೂ ಮಕ್ಕಳ ಹೆರಿಗೆ ಮಾಡಿಸಿದ್ದು ಅವರೇ ಅಂದಳು. ಮಣ್ಣು ಮಾಡಿದ ಜಾಗ ತೋರಿಸುತ್ತೇನೆಂದು ನಡೆದಳು. ಸಿಲ್ವರ್ ಮರಗಳ ಕೆಳಗೆ ಕಾಫಿ ಗಿಡ ಒತ್ತಾಗಿ ಬೆಳೆದಿತ್ತು. ಇಲ್ಲೇ ಇರಬೇಕು, ಇಲ್ಲಾಂದ್ರೆ ಆ ಸಾಲು... ಎಂದಳು. ಚಂದ್ರಗುತ್ತಿಯ ಗುಡ್ಡ ಅಲ್ಲಿಂದ ಕಾಣುವುದಿಲ್ಲ.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ಬರೆದಿದ್ದೇನೆ. ಯಾರಿಂದ ಮುಚ್ಚಿಡಬೇಕಾಗಿತ್ತೋ ಅವಳಿಲ್ಲ, ಮುಚ್ಚಿಡು ಎಂದವರೂ ಇಲ್ಲ. ಮಾತು ಮುರಿದ ಹಾಗೆ ಆಗಲಿಲ್ಲ ಅಂದುಕೊಳ್ಳುತ್ತೇನೆ.

ಈಗ ನನಗಿರುವುದು ಒಂದು ಹಂಚಿನ ಮನೆ, ತಾಳಗುಂದದ ದಾರಿಯಲ್ಲಿ ಎರಡು ಎಕರೆ ಖುಷ್ಕಿ ಹೊಲ, ಅಂಗಡಿಯಲ್ಲಿ ಮೂರು ಯಂತ್ರ. ಒಬ್ಬ ಮಗ. ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ತೊಗರ್ಸಿಗೆ ಕೊಟ್ಟಿದ್ದೇನೆ, ಒಬ್ಬಳನ್ನು ಸೊರಬಕ್ಕೆ. ಇಬ್ಬರಿಗೂ ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಇಬ್ಬರೂ ಇದ್ದಾರೆ.